ಹಳೇ ಬೈಕನ್ನು ಕಡಿಮೆ ಖರ್ಚಿನಲ್ಲಿ ಬಾಬರ್ ಮಾಡುವುದು ಹೇಗೆ: ಬೈಕು ಆರಿಸುವುದರಿಂದ ಪೇಂಟಿನವರೆಗೆ

ಬೇಡದ ಭಾಗಗಳನ್ನೆಲ್ಲ ಕಿತ್ತು, ಮಡ್‌ಗಾರ್ಡ್ ಮೊಟಕು ಮಾಡಿ, ಒಂಟಿ ಸೀಟು ಹಾಕಿದ ತಗ್ಗು ಬೈಕೇ ಬಾಬರ್. ಅದನ್ನು ಕಟ್ಟಬೇಕಾದರೆ ಕೈತುಂಬ ದುಡ್ಡಿರಬೇಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಆದರೆ ಕಸ್ಟಮ್ ಬೈಕುಗಳಲ್ಲೆಲ್ಲ ಕಡಿಮೆ ಖರ್ಚಿನಲ್ಲಿ ಆಗುವುದೇ ಬಾಬರ್. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಬಿಚ್ಚಿ ತೆಗೆಯುವುದು. ತೆಗೆದದ್ದನ್ನು ಮಾರಿದರೆ ಕೊಳ್ಳಬೇಕಾದ ಒಂದೆರಡು ಭಾಗಗಳಿಗೆ ದುಡ್ಡೂ ಹುಟ್ಟುತ್ತದೆ. ದುಡ್ಡು ಸೋರಿಹೋಗುವುದು ಕೆಲಸದ ಕ್ರಮ ತಪ್ಪಿದಾಗ. ಅಳೆಯುವ ಮೊದಲೇ ಕತ್ತರಿಸುತ್ತಾರೆ, ಇಂಜಿನ್ ನೋಡುವ ಮೊದಲೇ ಸೀಟು ಕೊಳ್ಳುತ್ತಾರೆ, ಓಡಿಸಿ ನೋಡುವ ಮೊದಲೇ ಪೇಂಟ್ ಹೊಡೆಸುತ್ತಾರೆ. ಹಾಗಾಗಿ ಏನು ಮಾಡಬೇಕು ಅನ್ನುವಷ್ಟೇ, ಯಾವುದಾದ ಮೇಲೆ ಯಾವುದು ಅನ್ನುವುದಕ್ಕೂ ಇಲ್ಲಿ ಒತ್ತು ಕೊಟ್ಟಿದ್ದೇನೆ.

ಈ ಶೈಲಿ ಬೆಳೆದದ್ದೇ ಸಾಮಾನ್ಯ ಸವಾರರ ಕೈಯಲ್ಲಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಕ್ಲಾಸ್ ಸಿ ಅನ್ನುವ ರೇಸು ಶುರುವಾಯಿತು. ಕಾರ್ಖಾನೆಯವರು ರೇಸಿಗೆಂದೇ ಕಟ್ಟಿದ ಬೈಕುಗಳಿಗೆ ಬದಲು, ಜನ ಕೊಂಡು ಓಡಿಸುವ ಬೈಕುಗಳದ್ದೇ ಸ್ಪರ್ಧೆ. ಸವಾರರು ಮುಂದಿನ ಮಡ್‌ಗಾರ್ಡ್ ಕಳಚಿ, ಹಿಂದಿನದನ್ನು ಮೊಟಕು ಮಾಡಿ ತೂಕ ಇಳಿಸಿದರು. ಆ ರೂಪ ರಸ್ತೆಗೂ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಉಳಿದಿದ್ದ ಹಾರ್ಲೆ-ಡೇವಿಡ್‌ಸನ್ ಡಬ್ಲ್ಯುಎಲ್‌ಎ ಬೈಕುಗಳು ಅಗ್ಗಕ್ಕೆ ಸಿಕ್ಕವು. ಅವಕ್ಕೂ ಇದೇ ಗತಿಯಾಯಿತು. ಚಾಪರ್ ಬಂದದ್ದು ಆಮೇಲೆ. ಚಾಪರ್‌ನಲ್ಲಿ ಹ್ಯಾಂಡಲ್ ಕೂರುವ ಚಾಸಿಯ ಕತ್ತನ್ನೇ ಕತ್ತರಿಸಿ ಕೋನ ಬದಲಿಸುತ್ತಾರೆ, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಉದ್ದ ಮಾಡುತ್ತಾರೆ. ಬಾಬರ್‌ನಲ್ಲಿ ಮುಖ್ಯ ಚಾಸಿಯನ್ನು ಮುಟ್ಟುವುದಿಲ್ಲ. ಮನೆಯ ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ ಬಾಬರ್ ಕೈಗೆಟುಕುವುದು ಅದಕ್ಕೇ.

ಯಾವ ಬೈಕು ಕೊಳ್ಳಬೇಕು

ಏರ್ ಕೂಲ್ಡ್ ಇಂಜಿನ್, ಕಾರ್ಬುರೇಟರ್, ಉಕ್ಕಿನ ಕೊಳವೆಯ ಚಾಸಿ, ಹಿಂದೆ ಎರಡು ಶಾಕ್ (ಗುಂಡಿಯ ಪೆಟ್ಟು ಹೀರುವ ಸ್ಪ್ರಿಂಗ್ ಭಾಗ), ಸ್ಪೋಕ್ ಚಕ್ರ. ಇಷ್ಟಿದ್ದರೆ ಕೆಲಸ ಅರ್ಧ ಹಗುರ. ರೇಡಿಯೇಟರ್ ಇದ್ದರೆ ಪ್ಲಾಸ್ಟಿಕ್ ತೆಗೆದ ತಕ್ಷಣ ಅದರ ಪೈಪುಗಳೆಲ್ಲ ಹೊರಗೆ ಕಾಣುತ್ತವೆ. ಫ್ಯೂಯೆಲ್ ಇಂಜೆಕ್ಷನ್ ಇದ್ದರೆ ಪಂಪು, ಸೆನ್ಸರ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲಕ್ಕೂ ಅಡಗುದಾಣ ಹುಡುಕಬೇಕು. ಎರಡೂ ಆಗದ ಕೆಲಸವೇನಲ್ಲ, ಆದರೆ ಮೊದಲ ಬೈಕಿಗೆ ಬೇಡ.

ಯಮಹಾ ಎಕ್ಸ್‌ಎಸ್650 ಈ ಕೆಲಸಕ್ಕೆ ಎಷ್ಟೋ ವರ್ಷಗಳಿಂದ ಹೆಸರಾದ ಬೈಕು. ಹೋಂಡಾ ರೆಬೆಲ್ 250, ಯಮಹಾ ವಿರಾಗೋ 250 ಚಿಕ್ಕವು, ಸರಳವಾದವು, ಕಲಿಯುವವರಿಗೆ ಚೆನ್ನ. ರಾಯಲ್ ಎನ್‌ಫೀಲ್ಡ್ ಬುಲೆಟ್‌ನ ಇಂಜಿನ್ ಒಂಟಿಯಾಗಿ ನಿಂತರೂ ನೋಡಲು ಚೆಂದ. ಹೋಂಡಾ ಶ್ಯಾಡೋ ವಿಎಲ್‌ಎಕ್ಸ್ 600 ವಾಟರ್ ಕೂಲ್ಡ್ ಆದರೂ ಅದರ ಹಿಂದಿನ ಶಾಕ್ ಒಳಗೆ ಅಡಗಿರುತ್ತದೆ. ಹಾಗಾಗಿ ಹಿಂದೆ ಶಾಕೇ ಇಲ್ಲದ ಹಳೇ ಬೈಕಿನ ನೋಟ ಪುಕ್ಕಟೆಯಾಗಿ ಸಿಗುತ್ತದೆ. ಹೆಸರಿಗಿಂತ ಮುಖ್ಯ, ಆ ಬೈಕಿನ ಬಿಡಿಭಾಗ ನಿಮಗೆ ಸುಲಭವಾಗಿ ಸಿಗಬೇಕು.

ಕುರೂಪವಾಗಿದ್ದರೂ ಓಡುವ ಬೈಕನ್ನೇ ಕೊಳ್ಳಿ. ಸೀಟು ಹರಿದಿದೆ, ಸೈಡ್ ಕವರ್ ಇಲ್ಲ, ಹಿಂದಿನ ಮಡ್‌ಗಾರ್ಡ್ ತುಕ್ಕು ಹಿಡಿದಿದೆ, ಇಂಡಿಕೇಟರ್ ಒಡೆದಿದೆ ಅಂತ ಬೆಲೆ ಇಳಿದಿದ್ದರೆ ಅದು ನಿಮಗೆ ಲಾಭ. ಅವನ್ನೆಲ್ಲ ನೀವು ಹೇಗೂ ಕಿತ್ತು ಹಾಕುವವರು ಅಲ್ವಾ? ಬೇರೆಯವರಿಗೆ ದೋಷ ಅನ್ನಿಸುವುದು ನಿಮಗೆ ಲೆಕ್ಕಕ್ಕೇ ಇಲ್ಲ. ನಿಂತುಹೋದ ಇಂಜಿನ್, ಸೊಟ್ಟಗಾದ ಚಾಸಿ, ಕಾಗದಪತ್ರ ಇಲ್ಲದ ಬೈಕು, ಈ ಮೂರು ಮಾತ್ರ ಪುಕ್ಕಟೆ ಸಿಕ್ಕರೂ ದುಬಾರಿ.

ದುಡ್ಡು ಕೊಡುವ ಮೊದಲು ನೋಡಬೇಕಾದ್ದು

ಚಾಸಿ ನಂಬರನ್ನು ಕಾಗದದ ಜೊತೆ ಹೋಲಿಸಿ. ಹ್ಯಾಂಡಲ್ ಕೂರುವ ಕತ್ತಿನ ಕೆಳಗೆ, ಮುಂದಿನ ಕೊಳವೆಗಳು ಸೇರುವ ಜಾಗದಲ್ಲಿ ಪೇಂಟ್ ಸುಕ್ಕುಗಟ್ಟಿದೆಯಾ, ಬಿರುಕು ಬಿಟ್ಟಿದೆಯಾ ನೋಡಿ. ಬೈಕು ಎದುರಿನಿಂದ ಗುದ್ದಿದ್ದರೆ ಗುರುತು ಅಲ್ಲಿರುತ್ತದೆ. ಹಿಂದಿನ ಟೈರಿನ ಎರಡೂ ಪಕ್ಕಕ್ಕೆ ಒಂದೊಂದು ದಾರ ಎಳೆದು ಮುಂದಿನ ಚಕ್ರದವರೆಗೆ ತನ್ನಿ. ಎರಡೂ ಕಡೆ ಅಂತರ ಒಂದೇ ಇದ್ದರೆ ಚಕ್ರಗಳು ಒಂದೇ ಸಾಲಿನಲ್ಲಿವೆ.

ಆಮೇಲೆ ಕಂಪ್ರೆಷನ್, ಅಂದ್ರೆ ಸಿಲಿಂಡರಿನೊಳಗೆ ಹುಟ್ಟುವ ಒತ್ತಡ. ಇಂಜಿನ್ ಬಿಸಿಯಾಗಿರಲಿ. ಪ್ಲಗ್ ಬಿಚ್ಚಿ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಇಂಜಿನ್ ತಿರುಗಿಸಿ. ಆ ಬೈಕಿನ ಕೈಪಿಡಿಯಲ್ಲಿ ಹೇಳಿದ ಅಂಕಿಯ ಹತ್ತಿರ ಇರಬೇಕು. ಎರಡು ಸಿಲಿಂಡರ್ ಇದ್ದರೆ ಅವುಗಳ ನಡುವಿನ ವ್ಯತ್ಯಾಸ ಶೇ. 10ರ ಒಳಗಿದ್ದರೆ ಚೆನ್ನ. ಕಡಿಮೆ ಬಂದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ಅನುಮಾನ ಪಡಿ.

ಒಂದು ಮಲ್ಟಿಮೀಟರ್ ಜೊತೆಗಿರಲಿ. ಚಾರ್ಜ್ ತುಂಬಿದ ಒಳ್ಳೇ ಬ್ಯಾಟರಿ ಸುಮ್ನೆ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಂಜಿನ್ ಸ್ವಲ್ಪ ಏರಿಸಿದಾಗ 13.5ರಿಂದ 14.5 ಬರಬೇಕು. ಬರದಿದ್ದರೆ ಚಾರ್ಜಿಂಗ್ ರಿಪೇರಿಯ ಖರ್ಚನ್ನು ಬೈಕಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ.

ಇನ್ನೊಂದು ಮಾತು. ಮಡ್‌ಗಾರ್ಡ್ ಎಷ್ಟಿರಬೇಕು, ಇಂಡಿಕೇಟರ್ ಬೇಕೇ ಬೇಡವೇ, ನಂಬರ್ ಪ್ಲೇಟ್ ಎಲ್ಲಿರಬೇಕು, ಶಬ್ದ ಎಷ್ಟಿರಬಹುದು, ಚಾಸಿಯನ್ನು ಬದಲಿಸಬಹುದಾ ಅನ್ನುವ ನಿಯಮಗಳು ಜಾಗದಿಂದ ಜಾಗಕ್ಕೆ ಬೇರೆ. ಅದನ್ನು ಈಗಲೇ ತಿಳಿದುಕೊಳ್ಳಿ. ವಿಮೆಯವರಿಗೂ ಮಾರ್ಪಾಡಿನ ವಿಷಯ ಹೇಳಿ. ಕತ್ತರಿಸಿದ ಮೇಲೆ ನಿಯಮ ಓದಿದರೆ ಅದೇ ಕೆಲಸ ಎರಡು ಸಲ ಮಾಡಬೇಕಾಗುತ್ತದೆ.

ದುಡ್ಡಿನ ಸರದಿ

ಇರುವ ದುಡ್ಡಲ್ಲಿ ಮೊದಲ ಪಾಲು ಬ್ರೇಕಿಗೆ, ಟೈರಿಗೆ, ಚಕ್ರ ಮತ್ತು ಹ್ಯಾಂಡಲಿನ ಬೇರಿಂಗಿಗೆ, ಚೈನು ಸ್ಪ್ರಾಕೆಟ್‌ಗೆ. ಇದು ಮುಗಿದ ಮೇಲೆ ಉಳಿದದ್ದು ನೋಟಕ್ಕೆ. ಕಾಲು ಭಾಗವನ್ನು ಮುಟ್ಟದೆ ಎತ್ತಿಡಿ. ಹಳೇ ಬೈಕಿನಲ್ಲಿ ಮುರಿದ ಬೋಲ್ಟು, ಒಣಗಿದ ಸೀಲು, ಒಡೆದ ರಬ್ಬರು ಇದ್ದೇ ಇರುತ್ತವೆ. ಆ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ.

ಎಲ್ಲಾ ಸೇರಿದ 'ಬಾಬರ್ ಕಿಟ್' ಕೊಳ್ಳುವ ಆಸೆ ಬಂದರೆ ಒಂದು ವಾರ ತಡೆಯಿರಿ. ಅದರಲ್ಲಿ ನಿಜವಾಗಿ ಬೇಕಾಗುವುದು ಸೀಟಿನ ಸ್ಪ್ರಿಂಗು, ಮುಂದಿನ ಕೀಲು, ಹೆಚ್ಚೆಂದರೆ ಒಂದು ಚಿಕ್ಕ ಟೈಲ್ ಲೈಟು. ಉಳಿದದ್ದನ್ನು ಉಕ್ಕಿನ ಪಟ್ಟಿ, ಬೋಲ್ಟು ಇಟ್ಟುಕೊಂಡು ನೀವೇ ಮಾಡಬಹುದು.

ಬಿಚ್ಚುವುದು

ಪ್ರತಿ ಭಾಗ ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಒಂದು ದೂರದಿಂದ, ಒಂದು ಹತ್ತಿರದಿಂದ. ವೈರಿನ ಪ್ರತಿ ಕನೆಕ್ಟರ್‌ಗೂ ಮಾಸ್ಕಿಂಗ್ ಟೇಪ್ ಸುತ್ತಿ ಹೆಸರು ಬರೆಯಿರಿ. ಬೋಲ್ಟುಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಒಂದೊಂದು ಜಾಗದ್ದು ಒಂದೊಂದು ಚೀಲದಲ್ಲಿರಲಿ.

ಹಳೇ ಜಪಾನಿ ಬೈಕುಗಳ ಸ್ಕ್ರೂ ತಲೆ ಮಾಮೂಲು ಸ್ಟಾರ್ ಥರ ಕಾಣುತ್ತದೆ. ಆದರೆ ಅದು ಜೆಐಎಸ್ ಅನ್ನುವ ಬೇರೆ ಅಳತೆ. ಮಾಮೂಲು ಸ್ಕ್ರೂ ಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ತಲೆ ಸವೆಸುತ್ತದೆ. ಒಂದು ಜೆಐಎಸ್ ಸ್ಕ್ರೂ ಡ್ರೈವರ್, ಸುತ್ತಿಗೆಯಲ್ಲಿ ಹೊಡೆಯುವ ಒಂದು ಇಂಪ್ಯಾಕ್ಟ್ ಡ್ರೈವರ್ ಇದ್ದರೆ ಎಷ್ಟೋ ಕೂದಲು ಕಿತ್ತುಕೊಳ್ಳುವುದು ತಪ್ಪುತ್ತದೆ. ಬಿಗಿದುಕೊಂಡ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ.

ಹೋಗಬೇಕಾದದ್ದು: ಉದ್ದ ಸೀಟು, ಹಿಂದಿನ ಹಿಡಿ, ಸೈಡ್ ಕವರು, ಹಿಂದೆ ಕೂರುವವರ ಫುಟ್‌ರೆಸ್ಟ್, ಹಿಂದಿನ ಮಡ್‌ಗಾರ್ಡು, ದೊಡ್ಡ ಇಂಡಿಕೇಟರು, ದೊಡ್ಡ ಮೀಟರ್ ಡಬ್ಬ. ಮುಂದಿನ ಮಡ್‌ಗಾರ್ಡ್ ತೆಗೆಯುವಾಗ ಹುಷಾರು. ಎಷ್ಟೋ ಬೈಕುಗಳಲ್ಲಿ ಅದರ ಕಮಾನು ಪಟ್ಟಿ ಎರಡು ಫೋರ್ಕ್ ಕಾಲುಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ಅದು ಹೋದರೆ ಮುಂಭಾಗ ಸಡಿಲ ಅನ್ನಿಸುತ್ತದೆ. ಮಡ್‌ಗಾರ್ಡನ್ನು ಚಿಕ್ಕದು ಮಾಡಿ ಪಟ್ಟಿಯನ್ನು ಉಳಿಸಿಕೊಳ್ಳುವುದೇ ನನ್ನ ಆಯ್ಕೆ. ಮಳೆಯಲ್ಲಿ ಮುಖಕ್ಕೆ ಕೆಸರು ಹಾರುವುದೂ ತಪ್ಪುತ್ತದೆ.

ಬಿಚ್ಚಿದ್ದನ್ನು ಒರೆಸಿ ಫೋಟೋ ತೆಗೆದಿಡಿ. ಮಾರುವುದಾದರೆ ಬೈಕು ಓಡಿದ ಮೇಲೆ ಮಾರಿ. ಅಲ್ಲಿಯವರೆಗೆ ಯಾವ ಬ್ರಾಕೆಟ್ ಯಾವಾಗ ಬೇಕಾಗುತ್ತದೋ ಹೇಳಲಾಗದು.

ನಿಲುವು: ಎತ್ತರ, ಟೈರು

ಬಾಬರ್‌ನ ನೋಟದಲ್ಲಿ ಮುಕ್ಕಾಲು ಪಾಲು ಅದು ನಿಂತಿರುವ ರೀತಿಯಲ್ಲಿದೆ. ಹಾಗಾಗಿ ಮಡ್‌ಗಾರ್ಡು, ಸೀಟು ಮುಟ್ಟುವ ಮೊದಲು ಎತ್ತರ ಮತ್ತು ಟೈರು ತೀರ್ಮಾನ ಆಗಬೇಕು. ಆಮೇಲೆ ಬದಲಿಸಿದರೆ ಉಳಿದ ಅಳತೆಯೆಲ್ಲ ಕೆಡುತ್ತದೆ.

ಹಿಂದಿನ ಶಾಕ್ ತೆಗೆದು ಆ ಜಾಗಕ್ಕೆ ಗಟ್ಟಿ ಕಬ್ಬಿಣದ ಸರಳು ಹಾಕಿ 'ಹಾರ್ಡ್‌ಟೈಲ್' ಮಾಡುವ ಅಗ್ಗದ ದಾರಿ ಒಂದಿದೆ. ಅದನ್ನು ಮಾಡಬೇಡಿ. ಶಾಕ್ ಕೂರುವ ಮೊಳೆ, ಅದರ ಸುತ್ತಲಿನ ಕೊಳವೆ ಇವೆಲ್ಲ ಸ್ಪ್ರಿಂಗ್ ಹೀರಿ ಉಳಿದ ಪೆಟ್ಟನ್ನು ತಡೆಯಲು ಮಾಡಿದಂಥವು. ಪ್ರತಿ ಗುಂಡಿಯ ಪೆಟ್ಟು ನೇರ ಅಲ್ಲಿಗೇ ಬಿದ್ದರೆ ಇವತ್ತಲ್ಲ ನಾಳೆ ಬಿರುಕು ಬಿಡುತ್ತದೆ. ನಿಜವಾದ ಹಾರ್ಡ್‌ಟೈಲ್ ಬೇಕಾದರೆ ಚಾಸಿಯ ಹಿಂಭಾಗವನ್ನೇ ಕತ್ತರಿಸಿ, ಜಿಗ್ (ಅಳತೆ ತಪ್ಪದಂತೆ ಹಿಡಿಯುವ ಚೌಕಟ್ಟು) ಮೇಲೆ ಕೂರಿಸಿ ಹೊಸದನ್ನು ಬೆಸೆಯಬೇಕು. ಅದು ಪಳಗಿದ ಕೈಯ ಕೆಲಸ, ಖರ್ಚೂ ಜಾಸ್ತಿ.

ಕಡಿಮೆ ಖರ್ಚಿನ ಸರಿಯಾದ ದಾರಿ ಅಂದ್ರೆ ಸ್ವಲ್ಪ ಗಿಡ್ಡ ಶಾಕ್. ಮೊದಲಿದ್ದದ್ದಕ್ಕಿಂತ 25ರಿಂದ 40 ಮಿ.ಮೀ. ಗಿಡ್ಡ ಸಾಕು. ಶಾಕ್ ಓರೆಯಾಗಿ, ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಕೂತಿರುತ್ತದೆ. ಹಾಗಾಗಿ ಶಾಕ್ 25 ಮಿ.ಮೀ. ಕಡಿಮೆಯಾದರೆ ಬೈಕಿನ ಹಿಂಭಾಗ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಹಿಂದೆ ಮಾತ್ರ ಇಳಿಸಿದರೆ ಹ್ಯಾಂಡಲ್ ತಿರುಗುವುದು ನಿಧಾನ ಅನ್ನಿಸುತ್ತದೆ. ಮುಂದಿನ ಫೋರ್ಕ್ ಕೊಳವೆಗಳನ್ನು ಅವನ್ನು ಬಿಗಿದಿಡುವ ಹಿಡಿಕೆಯೊಳಗೆ (ಟ್ರಿಪಲ್ ಕ್ಲ್ಯಾಂಪ್) 10ರಿಂದ 20 ಮಿ.ಮೀ. ಮೇಲಕ್ಕೆ ಸರಿಸಿದರೆ ಸಮ ಆಗುತ್ತದೆ. ಸರಿಸಿದ ಮೇಲೆ ಫೋರ್ಕ್ ಪೂರ್ತಿ ಕುಸಿದಾಗ ಟೈರು ಸೈಲೆನ್ಸರ್ ಪೈಪಿಗಾಗಲಿ, ಕೆಳಗಿನ ಹಿಡಿಕೆಗಾಗಲಿ ತಾಗಬಾರದು. ಸೈಡ್ ಸ್ಟ್ಯಾಂಡನ್ನೂ ನೋಡಿ. ಬೈಕು ಇಳಿದಾಗ ಸ್ಟ್ಯಾಂಡ್ ಉದ್ದವಾಗುತ್ತದೆ, ಬೈಕು ತೀರಾ ನೆಟ್ಟಗೆ ನಿಂತು ಆ ಕಡೆಗೆ ಬೀಳುತ್ತದೆ. ಸ್ಟ್ಯಾಂಡ್ ಗಿಡ್ಡ ಮಾಡಲೇಬೇಕು.

ದಪ್ಪ ಟೈರು ಬಾಬರ್‌ಗೆ ಕಳೆ ಕೊಡುತ್ತದೆ, ನಿಜ. ಆದರೆ ಹೊಸ ರಿಮ್ಮು, ಸ್ಪೋಕು, ಅದನ್ನು ಕಟ್ಟಿಸುವ ಕೂಲಿ ಎಲ್ಲ ಸೇರಿದರೆ ಬಜೆಟ್ ಅಲ್ಲೇ ಮುಗಿಯುತ್ತದೆ. ಇರುವ ರಿಮ್ಮಿಗೇ ಒಂದು ಸೈಜು ದಪ್ಪ, ಹಳೇ ಕಾಲದ ಚೌಕ ಗುಬ್ಬಿಯ (ಹೊರಮೈಯ ಉಬ್ಬಿನ) ಟೈರು ಹಾಕಿದರೆ ನೋಟಕ್ಕೆ ಧಾರಾಳ. ಆ ಟೈರಿಗೆ ನಿಮ್ಮ ರಿಮ್ಮಿನ ಅಗಲ ಹೊಂದುತ್ತದಾ ಅಂತ ಟೈರು ಕಂಪನಿಯ ಪಟ್ಟಿಯಲ್ಲಿ ನೋಡಿ. ಸ್ವಿಂಗ್ ಆರ್ಮ್‌ಗೂ (ಹಿಂದಿನ ಚಕ್ರ ಹಿಡಿದು ಏರಿಳಿಯುವ ತೋಳು) ಚೈನಿಗೂ ಟೈರಿಗೂ ನಡುವೆ ಬೆರಳು ತೂರುವಷ್ಟಾದರೂ ಸಂದಿ ಇರಲಿ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಟೈರು ತಯಾರಾದ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ. ಗುಬ್ಬಿ ಸವೆಯದಿದ್ದರೂ ಹತ್ತು ವರ್ಷದ ಟೈರನ್ನು ಉಳಿಸಿಕೊಳ್ಳಬೇಡಿ.

ಹಿಂಭಾಗ ಕತ್ತರಿಸುವುದು

ಇಡೀ ಕೆಲಸದಲ್ಲಿ ವಾಪಸ್ ಬರಲಾಗದ ಹೆಜ್ಜೆ ಇದೊಂದೇ. ಸೀಟಿನ ಕೆಳಗೆ ಚಾಸಿಯ ಕೊಳವೆಗಳು ಹಿಂದಕ್ಕೆ ಚಾಚಿಕೊಂಡಿರುತ್ತವೆ. ಶಾಕ್‌ನ ಮೇಲ್ತುದಿ ಕೂರುವ ಜಾಗದಿಂದ ಹಿಂದಿರುವ ಬಾಲವನ್ನು ಮಾತ್ರ ಕತ್ತರಿಸಬಹುದು. ಅದರಿಂದ ಮುಂದಕ್ಕೆ ಎಲ್ಲಿಯೂ ಗ್ರೈಂಡರ್ ತಾಗಬಾರದು. ಶಾಕ್ ಮೊಳೆಯ ಹಿಂದೆಯೂ ಸುಮಾರು 40 ಮಿ.ಮೀ. ಕೊಳವೆ ಉಳಿಸಿ.

ಕತ್ತರಿಸುವ ಮೊದಲು ಆ ಜಾಗಕ್ಕೆ ಟೇಪ್ ಸುತ್ತಿ, ಸೀಟು ಅಂದುಕೊಂಡದ್ದನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟು, ನಾಲ್ಕು ಹೆಜ್ಜೆ ದೂರದಿಂದ ಪಕ್ಕಕ್ಕೆ ನಿಂತು ನೋಡಿ. ಮಾರನೇ ದಿನ ಮತ್ತೆ ನೋಡಿ. ಆಗಲೂ ಸರಿ ಅನ್ನಿಸಿದರೆ ಕತ್ತರಿಸಿ. ಎರಡು ಕೊಳವೆಗಳ ನಡುವೆ ಬಾಲದಲ್ಲಿದ್ದ ಅಡ್ಡಪಟ್ಟಿ ಹೋಗಿರುತ್ತದೆ. ಅದರ ಬದಲಿಗೆ ಅಷ್ಟೇ ದಪ್ಪದ ಬಾಗಿದ ಕೊಳವೆ ಅಥವಾ ನೇರ ಅಡ್ಡ ಕೊಳವೆ ಕೊಡಲೇಬೇಕು. ಇಲ್ಲದಿದ್ದರೆ ಶಾಕ್ ಮೊಳೆಗಳು ಒಳಕ್ಕೆ ಹೊರಕ್ಕೆ ಅಲುಗುತ್ತವೆ. ಕೊಳವೆ ಜೋಡಿಸುವಾಗ ಒಳಗೆ ಬಿಗಿಯಾಗಿ ಕೂರುವ ಉಕ್ಕಿನ ತುಂಡು ತೂರಿಸಿ, ಅದರ ಮೇಲೆ ಬೆಸೆದರೆ ಗಟ್ಟಿ. ತೆರೆದ ತುದಿ ಬಿಡಬೇಡಿ, ನೀರು ನುಗ್ಗಿ ಒಳಗಿನಿಂದ ತುಕ್ಕು ತಿನ್ನುತ್ತದೆ.

ವೆಲ್ಡಿಂಗ್ ಗೊತ್ತಿಲ್ಲದಿದ್ದರೆ ಅಳತೆ ಮಾಡಿ, ಉಜ್ಜಿ, ಕ್ಲ್ಯಾಂಪ್ ಹಾಕಿ, ಬೆಸೆಯುವುದನ್ನು ಮಾತ್ರ ಬಲ್ಲವರಿಗೆ ಕೊಡಿ. ತಯಾರಿ ನಿಮ್ಮದಾದರೆ ಕೂಲಿ ಕಡಿಮೆ. ನೀವೇ ಮಾಡುವುದಾದರೆ ಬ್ಯಾಟರಿ, ಸಿಡಿಐ (ಇಗ್ನಿಷನ್ನಿನ ಎಲೆಕ್ಟ್ರಾನಿಕ್ ಡಬ್ಬ), ಚಾರ್ಜಿಂಗ್ ವೋಲ್ಟ್ ಹದದಲ್ಲಿಡುವ ರೆಗ್ಯುಲೇಟರ್ ಕಳಚಿಡಿ. ಪೆಟ್ರೋಲ್ ಟ್ಯಾಂಕು, ಕಾರ್ಬುರೇಟರ್ ಆ ಕೋಣೆಯಲ್ಲೇ ಇರಬಾರದು. ಬೆಸೆಯುವ ಲೋಹವನ್ನು ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಒರೆಸಲೇಬೇಡಿ. ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಅದು ವೆಲ್ಡಿಂಗ್ ಶಾಖಕ್ಕೆ ಒಡೆದು ಫಾಸ್ಜೀನ್ ಅನ್ನುವ ವಿಷಾನಿಲ ಆಗುತ್ತದೆ. ಸ್ವಲ್ಪ ಉಸಿರಾಡಿದರೂ ಜೀವಕ್ಕೆ ಅಪಾಯ.

ಮಡ್‌ಗಾರ್ಡು

ಬಾಬರ್ ಮಡ್‌ಗಾರ್ಡ್ ಅಂತಲೇ ಮಾರುವುದು ದುಬಾರಿ. ಚಿಕ್ಕ ಟ್ರೇಲರ್‌ಗೆ ಹಾಕುವ ದುಂಡನೆಯ ಉಕ್ಕಿನ ಮಡ್‌ಗಾರ್ಡ್ ಅದೇ ಕೆಲಸ ಮಾಡುತ್ತದೆ. ಕೊಳ್ಳುವಾಗ ಚಕ್ರದ ಅಳತೆಗೂ ಟೈರಿನ ಅಗಲಕ್ಕೂ ಹೋಲಿಸಿ. ಟೈರಿಗಿಂತ 15ರಿಂದ 20 ಮಿ.ಮೀ. ಅಗಲ ಇದ್ದರೆ ಹದ. ಹಲವು ಟ್ರೇಲರ್ ಮಡ್‌ಗಾರ್ಡುಗಳ ಮೇಲೆ ಸತುವಿನ ಲೇಪ ಇರುತ್ತದೆ. ಬೆಸೆಯುವ ಜಾಗದಲ್ಲಿ ಅದನ್ನು ಪೂರ್ತಿ ಉಜ್ಜಿ ತೆಗೆಯಿರಿ, ಸತುವಿನ ಹೊಗೆ ಜ್ವರ ಬರಿಸುತ್ತದೆ. ನಿಮ್ಮ ಬೈಕಿನ ಹಳೇ ಮಡ್‌ಗಾರ್ಡು ಉಕ್ಕಿನದಾಗಿದ್ದರೆ ಅದನ್ನೇ ಮೊಟಕು ಮಾಡಿದರೂ ಆಯಿತು. ಶೈಲಿ ಹುಟ್ಟಿದ್ದೇ ಹಾಗೆ.

ಮಡ್‌ಗಾರ್ಡ್ ಎಲ್ಲಿಗೆ ಕಟ್ಟಬೇಕು ಅನ್ನುವುದು ದೊಡ್ಡ ತೀರ್ಮಾನ. ಚಾಸಿಗೆ ಕಟ್ಟಿದರೆ ಚಕ್ರ ಮೇಲೇರಿದಾಗ ಟೈರಿಗೆ ತಾಗದಷ್ಟು ದೂರ ಇರಬೇಕು. ಆಗ ಟೈರಿಗೂ ಮಡ್‌ಗಾರ್ಡಿಗೂ ದೊಡ್ಡ ಸಂದಿ ಕಾಣುತ್ತದೆ. ಸ್ವಿಂಗ್ ಆರ್ಮ್‌ಗೆ ಕಟ್ಟಿದರೆ ಅದು ಚಕ್ರದ ಜೊತೆಗೇ ಏರಿಳಿಯುತ್ತದೆ, ಟೈರನ್ನು ಅಪ್ಪಿಕೊಂಡಂತೆ ಕೂರುತ್ತದೆ. ಬಾಬರ್‌ಗೆ ನನ್ನ ಮತ ಇದಕ್ಕೇ.

ಕೂರಿಸುವ ಬಗೆ ಹೀಗೆ. ಟೈರಿನಲ್ಲಿ ಪೂರ್ತಿ ಗಾಳಿ ಇರಲಿ. ಸುಮಾರು 15 ಮಿ.ಮೀ. ದಪ್ಪದ ಹಗ್ಗ ಅಥವಾ ಹಳೇ ನೀರಿನ ಪೈಪನ್ನು ಟೈರಿನ ಮೇಲೆ ಎರಡು ಸಾಲಾಗಿ ಉದ್ದಕ್ಕೆ ಟೇಪಿನಿಂದ ಅಂಟಿಸಿ. ಅದರ ಮೇಲೆ ಮಡ್‌ಗಾರ್ಡ್ ಇಟ್ಟು ಬಿಗಿಯಾಗಿ ಕಟ್ಟಿ. ಈಗ ಸಂದಿ ಎಲ್ಲಾ ಕಡೆ ಒಂದೇ. ಮಡ್‌ಗಾರ್ಡಿನ ಎರಡು ಅಂಚಿನಿಂದ ಟೈರಿನ ಪಕ್ಕಕ್ಕೆ ಸ್ಕೇಲ್ ಹಿಡಿದು ನಡುವಿಗೆ ತನ್ನಿ. ಚೈನ್ ಹೊಂದಿಸಲು ಆಕ್ಸಲ್ ಹಿಂದಕ್ಕೆ ಸರಿಯುತ್ತದೆ, ಆಗ ಟೈರೂ ಸರಿಯುತ್ತದೆ. ಅದಕ್ಕಾಗಿ ಮುಂಭಾಗದಲ್ಲಿ ಸಂದಿ ಕಡಿಮೆಯಿದ್ದರೂ ನಡೆಯುತ್ತದೆ, ಹಿಂಭಾಗದಲ್ಲಿ ಸ್ವಲ್ಪ ಜಾಸ್ತಿ ಬಿಡಿ. ಮುಂದಿನ ತುದಿಯನ್ನು ಸ್ವಿಂಗ್ ಆರ್ಮ್‌ನ ಅಡ್ಡ ಕೊಳವೆಗೆ ಬೆಸೆದ ತಗಡಿಗೆ ಬೋಲ್ಟ್ ಮಾಡಿ. ಹಿಂಭಾಗವನ್ನು ಎರಡೂ ಕಡೆ ಗಟ್ಟಿ ಸರಳಿನಿಂದ ಆಕ್ಸಲ್ ಹತ್ತಿರಕ್ಕೆ ತನ್ನಿ. ಸರಳು 10 ಮಿ.ಮೀ. ದುಂಡನೆಯದ್ದು ಇರಲಿ. ತೆಳು ಪಟ್ಟಿ ಇಂಜಿನ್ ಕಂಪನಕ್ಕೆ ಬೇಗ ಮುರಿಯುತ್ತದೆ. ಬೋಲ್ಟ್ ಕೂರುವ ಕಡೆ ಒಳಗಿನಿಂದ ಇನ್ನೊಂದು ಪದರ ತಗಡು ಬೆಸೆದು ದಪ್ಪ ಮಾಡಿ. ಬೋಲ್ಟಿನ ತಲೆ ಟೈರಿನ ಕಡೆ ಇರಲಿ, ನಟ್ಟು ಹೊರಗಿರಲಿ. ನೈಲಾನ್ ಉಂಗುರದ ನಟ್ಟೇ ಹಾಕಿ.

ಒಂಟಿ ಸೀಟು

ಬೈಕಿಗೆ ಗುಣ ಬರುವುದು ಇಲ್ಲಿ. ಮುಂದೆ ಒಂದು ಕೀಲು, ಹಿಂದೆ ಎರಡು ಸ್ಪ್ರಿಂಗು, ಮೇಲೆ ತೆಳು ಗಾದಿ. ರಟ್ಟಿನಲ್ಲಿ ಅರ್ಧ ಆಕಾರ ಬರೆದು ಮಡಚಿ ಕತ್ತರಿಸಿದರೆ ಎರಡೂ ಕಡೆ ಸಮ ಬರುತ್ತದೆ. ಅದನ್ನು 3 ಮಿ.ಮೀ. ತಗಡಿಗೆ ಇಳಿಸಿ. ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ, ಇಲ್ಲದಿದ್ದರೆ ಚರ್ಮವನ್ನು ಒಳಗಿನಿಂದ ಕೊಯ್ಯುತ್ತದೆ. ಕೂತು ನೋಡಿ ಕೀಲಿನ ಜಾಗ ಗುರುತಿಸಿ: ಕೈ ಹ್ಯಾಂಡಲ್ ಮೇಲೆ, ಕಾಲು ಫುಟ್‌ರೆಸ್ಟ್ ಮೇಲೆ, ಮೊಣಕೈ ಸ್ವಲ್ಪ ಬಾಗಿರಬೇಕು.

ಒಂದು ಪರೀಕ್ಷೆ ಮಾಡದೆ ಮುಂದೆ ಹೋಗಲೇಬಾರದು. ಬೈಕನ್ನು ಎತ್ತಿ ಗಟ್ಟಿಯಾಗಿ ನಿಲ್ಲಿಸಿ, ಹಿಂದಿನ ಎರಡೂ ಶಾಕ್ ಕಳಚಿ. ಜ್ಯಾಕ್‌ನಿಂದ ಚಕ್ರವನ್ನು ಮೇಲಕ್ಕೆತ್ತುತ್ತಾ ಬನ್ನಿ. ಶಾಕ್ ಪೂರ್ತಿ ಕುಸಿದಾಗ ಎಷ್ಟುದ್ದ ಇರುತ್ತದೋ ಆ ಅಂತರಕ್ಕೆ ಬರುವವರೆಗೆ ಎತ್ತಿ. ಸೀಟಿನ ಸ್ಪ್ರಿಂಗು ಪೂರ್ತಿ ಅದುಮಿದಂತೆ ಸೀಟನ್ನು ಕೆಳಗೆ ಒತ್ತಿ ಹಿಡಿಯಿರಿ. ಈಗ ಸೀಟಿನ ತಳಕ್ಕೂ ಮಡ್‌ಗಾರ್ಡಿಗೂ ನಡುವೆ ಕನಿಷ್ಠ 20 ಮಿ.ಮೀ. ಜಾಗ ಉಳಿಯಬೇಕು. ಉಳಿಯದಿದ್ದರೆ ಸೀಟು ಎತ್ತರಿಸಿ ಅಥವಾ ಮುಂದಕ್ಕೆ ತನ್ನಿ. ಶೆಡ್ಡಿನಲ್ಲಿ ಚೆಂದ ಕಂಡ ಎಷ್ಟೋ ಬಾಬರ್‌ಗಳು ಮೊದಲ ದೊಡ್ಡ ಗುಂಡಿಗೇ ಸೀಟಿಗೆ ಟೈರು ಉಜ್ಜುವುದು ಈ ಅಳತೆ ಬಿಟ್ಟದ್ದರಿಂದ. ಇದೇ ಹೊತ್ತಿಗೆ ಚೈನನ್ನೂ ನೋಡಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಅಲ್ಲಿ ಸ್ವಲ್ಪ ಸಡಿಲ ಇರುವಂತೆ ಹೊಂದಿಸಿ.

ಗಾದಿಗೆ ಗಟ್ಟಿ ಫೋಮ್ 25 ಮಿ.ಮೀ. ಸಾಕು. ಮೆತ್ತನೆಯದು ಅರ್ಧ ಗಂಟೆಯಲ್ಲಿ ಕುಸಿದು ತಗಡು ಒತ್ತುತ್ತದೆ. ಹಳೇ ಚರ್ಮದ ಜಾಕೆಟ್ಟಿನ ಬೆನ್ನು ಒಂದು ಸೀಟಿಗೆ ಸಾಕಾಗುತ್ತದೆ. ಒದ್ದೆ ಮಾಡಿ ಎಳೆದು, ಕ್ಲಿಪ್ಪು ಹಾಕಿ ಒಣಗಿಸಿದರೆ ಸುಕ್ಕಿಲ್ಲದೆ ಕೂರುತ್ತದೆ.

ಹ್ಯಾಂಡಲು, ಟ್ಯಾಂಕು

ಹ್ಯಾಂಡಲ್ ಬದಲಿಸುವುದಾದರೆ ಇರುವ ಕೇಬಲ್‌ಗಳಿಗೇ ಹೊಂದುವಂಥದ್ದು ಹುಡುಕಿ. ಎತ್ತರದ ಹ್ಯಾಂಡಲ್ ಅಂದ್ರೆ ಹೊಸ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಪೈಪು, ಉದ್ದದ ವೈರು. ಚಪ್ಪಟೆ ನೇರ ಹ್ಯಾಂಡಲ್ ಅಗ್ಗ. ಕೂರಿಸಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಇಂಜಿನ್ ಶಬ್ದ ಏರಿದರೆ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ತಿರುವಿನಲ್ಲಿ ಬೈಕು ತಾನಾಗಿ ನುಗ್ಗುತ್ತದೆ, ಸರಿಮಾಡದೆ ಹೊರಡಬೇಡಿ.

ಟ್ಯಾಂಕು ಇದ್ದದ್ದೇ ಇರಲಿ. ಹಿಂದಿನ ತುದಿಯನ್ನು ರಬ್ಬರ್ ದಿಮ್ಮಿಯಿಂದ ಸ್ವಲ್ಪ ಎತ್ತಿದರೆ ಗೆರೆ ಬದಲಾಗುತ್ತದೆ. ಆದರೆ ಟ್ಯಾಂಕಿನ ತಳದ ಪೆಟ್ರೋಲ್ ನಲ್ಲಿ ಇರುವ ಮೂಲೆಗಿಂತ ಇನ್ನೊಂದು ಮೂಲೆ ಕೆಳಗಾದರೆ ಅಷ್ಟು ಪೆಟ್ರೋಲು ಕೆಲಸಕ್ಕೆ ಬರದೆ ಉಳಿಯುತ್ತದೆ. ಒಳಗೆ ತುಕ್ಕು ಇದ್ದರೆ ನಲ್ಲಿ ಬಿಚ್ಚಿ ತೂತು ಮುಚ್ಚಿ, ಬಿಳಿ ವಿನೆಗರ್ ತುಂಬಿಸಿ ಒಂದೆರಡು ದಿನ ಬಿಡಿ. ಒಂದು ಹಿಡಿ ನಟ್ಟು ಹಾಕಿ ಅಲುಗಾಡಿಸಿ. ಆಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ಬಿಸಿ ಗಾಳಿಯಿಂದ ಒಣಗಿಸಿ, ತಕ್ಷಣ ಎಣ್ಣೆ ಸವರಿ. ತಡಮಾಡಿದರೆ ಒಂದೇ ಗಂಟೆಯಲ್ಲಿ ಮತ್ತೆ ಕೆಂಪು ತುಕ್ಕು. ಪೆಟ್ರೋಲ್ ಕಂಡ ಟ್ಯಾಂಕನ್ನು ಮನೆಯಲ್ಲಿ ಬೆಸೆಯಬೇಡಿ, ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ.

ಏರ್‌ಬಾಕ್ಸ್ ಮತ್ತು ಸೈಲೆನ್ಸರ್

ಏರ್‌ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬ) ಕಿತ್ತು, ಕಾರ್ಬುರೇಟರ್ ಬಾಯಿಗೇ ಕೂರುವ ಚಿಕ್ಕ ಪಾಡ್ ಫಿಲ್ಟರ್ ಹಾಕಿದರೆ ಇಂಜಿನ್ ಹಿಂದೆ ಖಾಲಿ ಜಾಗ ಕಾಣುತ್ತದೆ, ಬಾಬರ್‌ಗೆ ಅದು ಚೆಂದವೇ. ಆದರೆ ಇಷ್ಟು ಸಮಯ ತಿನ್ನುವ ಬದಲಾವಣೆ ಇನ್ನೊಂದಿಲ್ಲ. ಗಾಳಿ ಜಾಸ್ತಿ ಬಂದು ಪೆಟ್ರೋಲ್-ಗಾಳಿ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಬಿಸಿಯೇರುತ್ತದೆ. ಸಿವಿ ಕಾರ್ಬುರೇಟರ್ ಇದ್ದರೆ ಇನ್ನೂ ಕಷ್ಟ. ಅದರೊಳಗೆ ಗಾಳಿಯ ದಾರಿ ತೆರೆಯುವ ಸ್ಲೈಡ್ ನಿರ್ವಾತದ ಎಳೆತದಿಂದ ಏಳುವಂಥದ್ದು, ಏರ್‌ಬಾಕ್ಸಿನ ನೆಮ್ಮದಿಯ ಗಾಳಿ ಅದಕ್ಕೆ ಬೇಕು. ಅಗ್ಗದ ಪಾಡ್‌ನ ರಬ್ಬರ್ ತುಟಿ ಕಾರ್ಬುರೇಟರ್ ಬಾಯಿಯಲ್ಲಿರುವ ಸಣ್ಣ ಗಾಳಿ ತೂತುಗಳನ್ನು ಮುಚ್ಚಿಬಿಡುವುದೂ ಉಂಟು. ಹಾಕುವಾಗ ಅದನ್ನು ಕಣ್ಣಾರೆ ನೋಡಿ.

ಏರ್‌ಬಾಕ್ಸ್ ಉಳಿಸಿಕೊಳ್ಳಲು ಆಗುವುದಾದರೆ ಉಳಿಸಿ. ಪಾಡ್ ಬೇಕೇ ಬೇಕಾದರೆ ಎರಡು ಮೂರು ಸೈಜಿನ ಮೇನ್ ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲು ಅಳೆದು ಬಿಡುವ ತೂತಿನ ತಿರುಪು) ತಂದಿಟ್ಟುಕೊಳ್ಳಿ. ಒಂದೊಂದೇ ಹೆಜ್ಜೆ ದೊಡ್ಡದು ಹಾಕಿ, ಓಡಿಸಿ, ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಬಂದರೆ ಸರಿ. ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಮಸಿ ಹಿಡಿದಿದ್ದರೆ ಜಾಸ್ತಿಯಾಗಿದೆ.

ಸೈಲೆನ್ಸರಿನ ಮುಂದಿನ ಪೈಪ್ ಹಾಗೇ ಇರಲಿ, ಹಿಂದೆ ಗಿಡ್ಡನೆಯ ಮಫ್ಲರ್ ಸಾಕು. ಒಳಗೆ ಶಬ್ದ ತಗ್ಗಿಸುವ ಬ್ಯಾಫಲ್ ಇಲ್ಲದ ಬರಿ ಕೊಳವೆ ಬೇಡ. ಕಿವಿಗೂ ನೆರೆಹೊರೆಗೂ ಹಿಂಸೆ, ಕಾರ್ಬುರೇಟರ್ ಹೊಂದಿಸುವುದೂ ಕಷ್ಟ. ಪೈಪಿಗೆ ಸುತ್ತುವ ಬಟ್ಟೆ ಪಟ್ಟಿ ನೀರು ಹಿಡಿದಿಟ್ಟು ಒಳಗೊಳಗೇ ತುಕ್ಕು ತರಿಸುತ್ತದೆ.

ವೈರಿಂಗ್

ಹಳೇ ವೈರಿಂಗ್ ಕತ್ತರಿಸಿ ಎಸೆಯಬೇಡಿ. ಆ ಬೈಕಿನ ವೈರಿಂಗ್ ನಕ್ಷೆ ದೊಡ್ಡದಾಗಿ ಪ್ರಿಂಟ್ ತೆಗೆದು, ಉಳಿಸುವ ಗೆರೆಗಳಿಗೆ ಬಣ್ಣ ಹಚ್ಚಿ. ಇಗ್ನಿಷನ್, ಚಾರ್ಜಿಂಗ್, ಸ್ಟಾರ್ಟರ್, ಹೆಡ್‌ಲೈಟ್, ಟೈಲ್ ಮತ್ತು ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್. ಬಣ್ಣ ಬೀಳದ್ದನ್ನು ಒಂದೊಂದಾಗಿ ಬಿಡಿಸಿ ತೆಗೆಯಿರಿ. ಪ್ರತಿ ಸಲವೂ ಇಂಜಿನ್ ಸ್ಟಾರ್ಟ್ ಆಗುತ್ತದಾ ನೋಡಿ. ಏನಾದರೂ ಕೆಟ್ಟರೆ ಕೊನೇ ಬದಲಾವಣೆಯೇ ಕಾರಣ ಅಂತ ತಕ್ಷಣ ತಿಳಿಯುತ್ತದೆ.

ಜೋಡಣೆಗೆ ವೈರು ತಿರುಚಿ ಟೇಪ್ ಸುತ್ತುವುದು ಬೇಡ. ಒಳ್ಳೇ ಕ್ರಿಂಪ್ (ವೈರಿಗೆ ಅದುಮಿ ಹಿಡಿಸುವ ಲೋಹದ ತುದಿ), ಅದರ ಮೇಲೆ ಬಿಸಿಗೆ ಕುಗ್ಗುವ ಕೊಳವೆ. ಬ್ಯಾಟರಿಯ ಪಕ್ಕದಲ್ಲೇ ಮುಖ್ಯ ಫ್ಯೂಸ್ ಇರಲಿ. ಚಾಸಿಗೆ ಅರ್ಥಿಂಗ್ ಕೊಡುವ ಜಾಗದಲ್ಲಿ ಪೇಂಟ್ ಉಜ್ಜಿ ಲೋಹ ಕಾಣಬೇಕು. ಹಳೇ ಬೈಕುಗಳ ಅರ್ಧ ವೈರಿಂಗ್ ಕಾಯಿಲೆ ಇಲ್ಲೇ. ಎಲ್‌ಇಡಿ ಇಂಡಿಕೇಟರ್ ಹಾಕಿದರೆ ಫ್ಲ್ಯಾಷರ್ ಕೂಡ ಎಲ್‌ಇಡಿಗೆ ಹೊಂದುವಂಥದ್ದೇ ಬೇಕು, ಇಲ್ಲದಿದ್ದರೆ ತೀರಾ ಬೇಗ ಮಿನುಗುತ್ತದೆ. ಬ್ಯಾಟರಿಯನ್ನು ಸೀಟಿನ ಕೆಳಗೆ ತಗಡಿನ ಡಬ್ಬದಲ್ಲಿ ಅಡಗಿಸುವುದಾದರೆ ಸೀಲ್ ಮಾಡಿದ, ಆಸಿಡ್ ಚೆಲ್ಲದ ಎಜಿಎಂ ಬ್ಯಾಟರಿ ಕೊಳ್ಳಿ. ರೆಗ್ಯುಲೇಟರ್ ಮಾತ್ರ ಗಾಳಿ ತಾಗುವ ಕಡೆಯೇ ಇರಬೇಕು, ಅದು ಬಿಸಿಯಾಗುವ ವಸ್ತು.

ಬ್ರೇಕು

ನೋಟಕ್ಕಾಗಿ ಮುಂದಿನ ಬ್ರೇಕ್ ತೆಗೆದ ಬಾಬರ್‌ಗಳ ಚಿತ್ರ ನೀವು ನೋಡಿರಬಹುದು. ಅನುಕರಿಸಬೇಡಿ. ಬೈಕು ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಚಕ್ರದ್ದು. ಡ್ರಮ್ ಇದ್ದರೆ ಹೊಸ ಬ್ರೇಕ್ ಶೂ, ಹೊಸ ಕೇಬಲ್. ಡಿಸ್ಕ್ ಇದ್ದರೆ ಹೊಸ ಪ್ಯಾಡ್, ಹೊಸ ಪೈಪು, ಕ್ಯಾಲಿಪರ್‌ಗೆ ಹೊಸ ಸೀಲು, ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಹೊಸ ಬ್ರೇಕ್ ಆಯಿಲ್. ಹಳೇ ರಬ್ಬರ್ ಪೈಪು ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡಿರುತ್ತದೆ. ಇಲ್ಲಿ ಸೆಕೆಂಡ್ ಹ್ಯಾಂಡ್ ಬೇಡ.

ಪೇಂಟಿಗೆ ಮೊದಲು ಓಡಿಸಿ

ಎಲ್ಲವನ್ನೂ ಬರಿ ಲೋಹದಲ್ಲೇ ಜೋಡಿಸಿ, ಲೈಟು ಬ್ರೇಕು ಸರಿಯಿದೆ ಅಂತ ಖಾತ್ರಿ ಮಾಡಿಕೊಂಡು ಓಡಿಸಿ. ಮಡ್‌ಗಾರ್ಡ್ ಎಲ್ಲಿ ನಡುಗುತ್ತದೆ, ಮಂಡಿ ಎಲ್ಲಿ ತಾಗುತ್ತದೆ, ಯಾವ ವೈರು ಪೈಪಿಗೆ ಸುಡುತ್ತದೆ ಎಲ್ಲ ಆಗ ಗೊತ್ತಾಗುತ್ತದೆ. ಇನ್ನೊಂದು ತೂತು ಕೊರೆಯಬೇಕಾದರೂ ಬೇಸರ ಇಲ್ಲ. ತಕರಾರು ಮುಗಿದ ಮೇಲೆ ಮತ್ತೆ ಬಿಚ್ಚಿ ಪೇಂಟ್ ಮಾಡಿ.

ಚಾಸಿಗೆ ಬ್ರಷ್‌ನಲ್ಲಿ ಹಚ್ಚುವ ಕಪ್ಪು ಚಾಸಿ ಪೇಂಟ್ ಸಾಕು, ಗೀರು ಬಿದ್ದರೆ ತೇಪೆ ಹಾಕಲು ಸುಲಭ. ಟ್ಯಾಂಕಿಗೆ ಶ್ರಮ ಬೇಕು. 80ರ ಸ್ಯಾಂಡ್ ಪೇಪರಿನಿಂದ ಹಳೇ ಪೇಂಟ್ ತೆಗೆದು, 180, 320 ಆಗಿ ಪ್ರೈಮರ್ ಹೊಡೆದು, 600ರಿಂದ ನೀರು ಹಾಕಿ ಉಜ್ಜಿ ಬಣ್ಣ ಕೊಡಿ. ಮೇಲಿನ ಪಾರದರ್ಶಕ ಕೋಟಿಂಗ್ ಎರಡು ದ್ರವ ಬೆರೆಸುವ 2ಕೆ ಆಗಿರಬೇಕು. ಮಾಮೂಲು ಸ್ಪ್ರೇ ಡಬ್ಬದ್ದು ಪೆಟ್ರೋಲು ಚೆಲ್ಲಿದ ಕಡೆ ಕರಗುತ್ತದೆ. 2ಕೆಯಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಸಾಲದು. ಸರಿಯಾದ ಸಲಕರಣೆ ಇಲ್ಲದಿದ್ದರೆ ಆ ಕೊನೇ ಕೋಟ್ ಮಾತ್ರ ಪೇಂಟರ್ ಕೈಯಲ್ಲಿ ಹೊಡೆಸಿ.

ಕೊನೆಯ ಜೋಡಣೆ, ಮೊದಲ ಕಿಲೋಮೀಟರುಗಳು

ಕಂಪನ ಇರುವ ಕಡೆಯ ಬೋಲ್ಟುಗಳಿಗೆ ಬಿಚ್ಚಲು ಆಗುವಂಥ ನೀಲಿ ಥ್ರೆಡ್ ಲಾಕರ್ ಒಂದು ಹನಿ ಹಾಕಿ. ಆಕ್ಸಲ್, ಹ್ಯಾಂಡಲ್, ಬ್ರೇಕಿನ ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಳತೆಗೆ ಬಿಗಿ ಮಾಡಿ, ಬಿಗಿಯಾದದ್ದಕ್ಕೆಲ್ಲ ಪೇಂಟ್ ಪೆನ್ನಿನಿಂದ ನಟ್ಟಿನಿಂದ ಲೋಹಕ್ಕೆ ಒಂದು ಗೆರೆ ಎಳೆಯಿರಿ. ನಟ್ಟು ಸರಿದರೆ ಗೆರೆ ಮುರಿದು ಕಾಣುತ್ತದೆ.

ಮೊದಲ ಸವಾರಿ ಹತ್ತಿರದ ಖಾಲಿ ರಸ್ತೆಯಲ್ಲಿ, ನಿಧಾನಕ್ಕೆ. 50 ಕಿ.ಮೀ. ಆದ ಮೇಲೆ ಗೆರೆಗಳನ್ನೆಲ್ಲ ನೋಡಿ, ಚೈನ್ ಹೊಂದಿಸಿ, ಸ್ಪೋಕುಗಳನ್ನು ಸ್ಪ್ಯಾನರಿನಿಂದ ತಟ್ಟಿ. ಎಲ್ಲವೂ ಒಂದೇ ಸದ್ದು ಕೊಡಬೇಕು, ಮೊದ್ದು ಸದ್ದು ಬಂದದ್ದು ಸಡಿಲ. 500 ಕಿ.ಮೀ. ಆದ ಮೇಲೆ ಮಡ್‌ಗಾರ್ಡ್ ಸರಳು, ಸೀಟಿನ ಕೀಲು, ಹೊಸ ಅಡ್ಡ ಕೊಳವೆಯ ಬೆಸುಗೆಗಳನ್ನು ಒರೆಸಿ ಟಾರ್ಚ್ ಹಾಕಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಅದರ ಮೇಲೆ ಇನ್ನೊಂದು ಪದರ ಬೆಸೆಯಬೇಡಿ. ಬಿರುಕಿನ ಎರಡೂ ತುದಿ ಸಿಗುವವರೆಗೆ ಉಜ್ಜಿ ತೆಗೆದು, ಯಾಕೆ ಬಿಟ್ಟಿತು ಅಂತ ಹುಡುಕಿ. ಸರಳು ತೆಳುವಾಯಿತಾ, ಬೋಲ್ಟ್ ತೂತು ಸೇರದೆ ಎಳೆದು ಬಿಗಿದದ್ದಾ, ರಬ್ಬರ್ ವಾಷರ್ ಬಿಟ್ಟುಹೋಯಿತಾ? ಅದನ್ನು ಸರಿಮಾಡಿದ ಮೇಲೆ ಮತ್ತೆ ಬೆಸೆಯಿರಿ.